ಐದು ಮಿಲಿವ್ಯಾಟ್ ಲೇಸರ್‌ಗೆ ಇಷ್ಟೊಂದು ಎಚ್ಚರಿಕೆ ಏಕೆ?

ಪ್ರಶ್ನೆ: ಸರ್, ನಿಮ್ಮ ಲೇಸರ್ ಸಂಶೋಧನಾ ಕಾರ್ಯಾಗಾರಕ್ಕೆ ಹೆಸರು ಕೊಟ್ಟಿದ್ದೇನೆ. ಮೊದಲ ದಿನ ಮಧ್ಯಾಹ್ನದವರೆಗೂ ಸುರಕ್ಷತೆಯ ಪಾಠವೇ ಇರುತ್ತದೆ ಎಂದು ಹಿಂದಿನ ವರ್ಷ ಬಂದಿದ್ದವರು ಹೇಳಿದರು. ನಮ್ಮ ಕೈಗೆ ಕೊಡುವುದು 5 ಮಿಲಿವ್ಯಾಟ್ ಲೇಸರ್. ಮನೆಯ ಬಲ್ಬೇ 9 ವ್ಯಾಟ್ ಇರುತ್ತದೆ. ಇಷ್ಟು ಚಿಕ್ಕ ಲೇಸರ್‌ಗಾಗಿ ಅರ್ಧ ದಿನ ಏಕೆ ಕಳೆಯಬೇಕು?

ಉತ್ತರ: ಈ ಪ್ರಶ್ನೆ ಪ್ರತಿ ಕಾರ್ಯಾಗಾರದಲ್ಲೂ ಮೊದಲ ಚಹಾ ವಿರಾಮಕ್ಕೆ ಮುಂಚೆಯೇ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಇನ್ನು ಕೇಳುವವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮೊದಲು ನಿಮ್ಮ ಹೋಲಿಕೆಯನ್ನೇ ನೋಡೋಣ. 9 ವ್ಯಾಟ್ ಎನ್ನುವುದು ಬಲ್ಬ್ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕ. ಎಲ್‌ಇಡಿ ಬಲ್ಬಿನಲ್ಲಿ ಅದರ ಮೂರನೇ ಒಂದು ಭಾಗದಷ್ಟು ಬೆಳಕಾಗುತ್ತದೆ. ಆ ಬೆಳಕು ಕೋಣೆಯ ತುಂಬ ಚೆಲ್ಲಿಹೋಗುತ್ತದೆ. ಒಂದು ಮೀಟರ್ ದೂರದಲ್ಲಿ ನಿಂತು ಬಲ್ಬನ್ನೇ ನೋಡಿದರೂ ನಿಮ್ಮ ಪಾಪೆಯೊಳಗೆ ಹೋಗುವುದು ವ್ಯಾಟ್‌ನ ಕೆಲವೇ ದಶಲಕ್ಷಾಂಶ. ಅದೂ ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದ ಮೇಲೆ ಸುಮಾರು ಒಂದು ಮಿಲಿಮೀಟರ್ ಅಗಲದ ಬಿಂಬವಾಗಿ ಹರಡಿಕೊಳ್ಳುತ್ತದೆ. ಲೇಸರ್ ಹಾಗಲ್ಲ. ಅದರ 5 ಮಿಲಿವ್ಯಾಟ್ ಅಷ್ಟೂ ಒಂದೇ ಸಣ್ಣ ಎಳೆಯಾಗಿ ಪಾಪೆಯೊಳಗೆ ನುಗ್ಗಬಲ್ಲದು. ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿರುವುದರಿಂದ ಕಣ್ಣಿನ ಮಸೂರ ಅವನ್ನೆಲ್ಲ ಒಂದು ಚುಕ್ಕೆಗೆ ತಂದು ನಿಲ್ಲಿಸುತ್ತದೆ. ಆ ಚುಕ್ಕೆಯ ಅಗಲ ಸುಮಾರು 20 ಮೈಕ್ರೊಮೀಟರ್, ತಲೆಗೂದಲಿನ ದಪ್ಪದ ಕಾಲು ಭಾಗದಷ್ಟು. ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟಿದ್ದೀರಲ್ಲ? ಕಾಗದವನ್ನು ಸುಟ್ಟದ್ದು ಬಿಸಿಲಿನ ಪ್ರಮಾಣವಲ್ಲ, ಅದು ಒಂದೆಡೆ ಕೂಡಿಕೊಂಡ ರೀತಿ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವನ್ನೂ ಕೊಡುತ್ತೇನೆ. ನಡುಮಧ್ಯಾಹ್ನ ಸೂರ್ಯನನ್ನು ನೇರವಾಗಿ ನೋಡಿದರೆ, ಆಗ 2 ಮಿಲಿಮೀಟರಿಗೆ ಕಿರಿದಾಗಿರುವ ಪಾಪೆಯ ಮೂಲಕ ಸುಮಾರು 3 ಮಿಲಿವ್ಯಾಟ್ ಒಳಗೆ ಹೋಗುತ್ತದೆ. ಅಕ್ಷಿಪಟಲದ ಮೇಲೆ ಸೂರ್ಯಬಿಂಬದ ಅಗಲ ಸುಮಾರು 160 ಮೈಕ್ರೊಮೀಟರ್. ಲೇಸರ್ ಚುಕ್ಕೆ ಅದರ ಎಂಟನೇ ಒಂದು ಭಾಗದಷ್ಟು ಅಗಲ, ಅಂದರೆ ವಿಸ್ತೀರ್ಣದಲ್ಲಿ ಅರವತ್ತನಾಲ್ಕನೇ ಒಂದು ಭಾಗ. ಹೀಗಾಗಿ ಒಂದೇ ಒಂದು ಮಿಲಿವ್ಯಾಟ್ ಲೇಸರ್ ಕೂಡ ಆ ಚುಕ್ಕೆಯಲ್ಲಿ ಸೂರ್ಯನಿಗಿಂತ ಇಪ್ಪತ್ತು ಪಟ್ಟು ದಟ್ಟವಾಗಿರುತ್ತದೆ. ನೀವು ಕೇಳಿದ್ದು ಐದರ ಬಗ್ಗೆ.

ಹಾಗಾದರೆ ಲೇಸರ್ ಪಾಯಿಂಟರಿನ ಬೆಳಕು ಕಣ್ಣಿಗೆ ತಾಗಿದ ತಕ್ಷಣ ಎಲ್ಲರೂ ಏಕೆ ಕುರುಡರಾಗುತ್ತಿಲ್ಲ ಎಂದು ಕೇಳಬಹುದು. ಕೇಳಲೇಬೇಕು. ಒಂದು ಕಾರಣ, ಚುಕ್ಕೆ ಚಿಕ್ಕದಾದಷ್ಟೂ ಅದರ ಶಾಖ ಸುತ್ತಲಿನ ಅಂಗಾಂಶಕ್ಕೆ ಬೇಗ ಹರಿದುಹೋಗುತ್ತದೆ. ಇನ್ನೊಂದು ಕಾರಣ ನಿಮ್ಮ ರೆಪ್ಪೆ. ಕಣ್ಣು ಕೋರೈಸಿದರೆ ಸುಮಾರು ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿಕೊಳ್ಳುತ್ತದೆ, ತಲೆ ಅತ್ತ ತಿರುಗುತ್ತದೆ. ಒಂದು ಮಿಲಿವ್ಯಾಟ್‌ವರೆಗಿನ, ಕಣ್ಣಿಗೆ ಕಾಣುವ ಲೇಸರ್‌ಗಳನ್ನು 2ನೇ ವರ್ಗ ಎಂದು ವಿಂಗಡಿಸಿರುವುದು ಈ ಕಾಲು ಸೆಕೆಂಡನ್ನೇ ನಂಬಿಕೊಂಡು. ಐದು ಮಿಲಿವ್ಯಾಟ್‌ವರೆಗಿನದು ಅದರ ಮೇಲಿನ 3ಆರ್ ವರ್ಗ. ಅಲ್ಲಿ ಸುರಕ್ಷತೆಯ ಅಂಚು ಆಗಲೇ ತೆಳುವಾಗಿರುತ್ತದೆ. 500 ಮಿಲಿವ್ಯಾಟ್ ದಾಟಿದರೆ 4ನೇ ವರ್ಗ. ಅಲ್ಲಿ ಗೋಡೆಯ ಮೇಲೆ ಬಿದ್ದು ಚದುರಿದ ಬೆಳಕೂ ಕಣ್ಣಿಗೆ ಅಪಾಯ.

ರೆಪ್ಪೆ ಕಾಪಾಡುತ್ತದೆ ಎಂದೆ. ರೆಪ್ಪೆ ಮುಚ್ಚಬೇಕಾದರೆ ಬೆಳಕು ಕಾಣಬೇಕು. ಎಷ್ಟು ವರ್ಷ ಪಾಠ ಹೇಳಿದರೂ ಬೇರು ಕೀಳಲಾಗದ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ: “ಮಂಕಾಗಿ ಕಂಡರೆ ಲೇಸರ್ ದುರ್ಬಲ, ಕಾಣದೇ ಹೋದರೆ ಅಪಾಯವೇ ಇಲ್ಲ.”

ಇದು ತಪ್ಪು, ಪೂರ್ತಿ ತಪ್ಪು. ಕಣ್ಣು ಎಷ್ಟು ಬೆಳಕನ್ನು ಕಾಣುತ್ತದೆ ಎನ್ನುವುದು ಒಂದು ವಿಷಯ, ಎಷ್ಟು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎನ್ನುವುದು ಬೇರೆಯೇ ವಿಷಯ. ನಾವು ಕಾಣುವುದು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು. ಆದರೆ ಕಾರ್ನಿಯಾ, ಮಸೂರ ಮತ್ತು ಕಣ್ಣಿನೊಳಗಿನ ದ್ರವ ಸುಮಾರು 1400 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಅಕ್ಷಿಪಟಲಕ್ಕೆ ದಾಟಿಸುತ್ತವೆ. 700ರಿಂದ 1400ರ ನಡುವಿನ, ನಮಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕಿಗೆ ಕಣ್ಣಿನ ಬಾಗಿಲು ತೆರೆದೇ ಇರುತ್ತದೆ, ಕಾವಲುಗಾರ ಮಾತ್ರ ಇರುವುದಿಲ್ಲ. ರೆಪ್ಪೆ ಮುಚ್ಚುವುದಿಲ್ಲ, ಪಾಪೆ ಕಿರಿದಾಗುವುದಿಲ್ಲ. ಅಕ್ಷಿಪಟಲಕ್ಕೆ ನೋವು ತಿಳಿಸುವ ನರಗಳಿಲ್ಲ, ಆದ್ದರಿಂದ ಸುಟ್ಟದ್ದೂ ಗೊತ್ತಾಗುವುದಿಲ್ಲ. ಓದುವಾಗ ಒಂದು ಅಕ್ಷರ ಕಾಣೆಯಾದಾಗಲೇ ಅದು ಅರಿವಿಗೆ ಬರುವುದು.

ಕಾಣುವ ಬಣ್ಣಗಳಲ್ಲೂ ಕಣ್ಣು ಒಳ್ಳೆಯ ಅಳತೆಗೋಲಲ್ಲ. ಒಂದೇ ಮಿಲಿವ್ಯಾಟ್‌ನ ಎರಡು ಲೇಸರ್‌ಗಳನ್ನು ಗೋಡೆಗೆ ಹಿಡಿಯಿರಿ, 650 ನ್ಯಾನೊಮೀಟರಿನ ಕೆಂಪು ಒಂದು, 532ರ ಹಸಿರು ಇನ್ನೊಂದು. ಹಸಿರು ಸುಮಾರು ಎಂಟು ಪಟ್ಟು ಪ್ರಖರವಾಗಿ ಕಾಣುತ್ತದೆ. ಬೆಳಕಿನ ಶಕ್ತಿ ಅಳೆಯುವ ಮೀಟರಿಗೆ ಎರಡೂ ಒಂದೇ. ಕೆಂಪು ಲೇಸರ್ ಕೈಗೆ ಬಂದ ಕೂಡಲೇ ವಿದ್ಯಾರ್ಥಿಗಳು ಸಡಿಲಾಗುವುದನ್ನು ನಾನು ಪ್ರತಿ ಸಲ ಗಮನಿಸಿದ್ದೇನೆ, ಪ್ರತಿ ಸಲ ತಡೆದಿದ್ದೇನೆ.

ಇಷ್ಟು ಹೇಳಿದ ಮೇಲೂ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ: “ಸರ್, ಟಿವಿ ರಿಮೋಟಿನಿಂದ ಬರುವುದೂ ಅವಗೆಂಪು ಬೆಳಕೇ ಅಲ್ಲವೇ? ಅದರಿಂದ ಏನೂ ಆಗಿಲ್ಲವಲ್ಲ?” ಒಳ್ಳೆಯ ಪ್ರಶ್ನೆ. ಉತ್ತರ ಮೇಲೆಯೇ ಇದೆ. ರಿಮೋಟಿನ ಎಲ್‌ಇಡಿ ಬಲ್ಬಿನ ಜಾತಿಗೆ ಸೇರಿದ್ದು. ಅದರ ಬೆಳಕು ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ, ಒಂದು ಚುಕ್ಕೆಗೆ ಬಂದು ಕೂರುವುದಿಲ್ಲ. ಬಣ್ಣ ಒಂದೇ ಆದ ಮಾತ್ರಕ್ಕೆ ಬೆಳಕಿನ ಸ್ವಭಾವ ಒಂದೇ ಆಗುವುದಿಲ್ಲ.

“ನಾವು ಬಳಸುವುದು ಹಸಿರು ಲೇಸರ್. ಅವಗೆಂಪು ಎಲ್ಲಿಂದ ಬಂತು?” ಎನ್ನುವವರು ಪಾಯಿಂಟರಿನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದುಕೊಳ್ಳಬೇಕು. 532 ನ್ಯಾನೊಮೀಟರಿನ ಹಸಿರು ಪಾಯಿಂಟರುಗಳಲ್ಲಿ ಸಾಮಾನ್ಯವಾಗಿ ಹಸಿರು ನೇರವಾಗಿ ಹುಟ್ಟುವುದೇ ಇಲ್ಲ. ಮೊದಲು 808 ನ್ಯಾನೊಮೀಟರಿನ ಅವಗೆಂಪು ಡಯೋಡ್ ಉರಿಯುತ್ತದೆ. ಆ ಬೆಳಕನ್ನು ಹೀರಿಕೊಂಡು ನಿಯೋಡಿಮಿಯಂ ಎಂಬ ಲೋಹ ಬೆರೆತ ಹರಳೊಂದು 1064 ನ್ಯಾನೊಮೀಟರಿನ ಲೇಸರ್ ಕೊಡುತ್ತದೆ. ಅದೂ ಅವಗೆಂಪೇ. ಎರಡನೆಯ ಹರಳು ಅದರ ಆವೃತ್ತಿಯನ್ನು ಇಮ್ಮಡಿ ಮಾಡುತ್ತದೆ, ತರಂಗಾಂತರ ಅರ್ಧಕ್ಕೆ ಇಳಿಯುತ್ತದೆ, ಆಗ 532ರ ಹಸಿರು ಹೊರಬರುತ್ತದೆ. ಪರಿವರ್ತನೆಯಾಗದೆ ಉಳಿದ ಅವಗೆಂಪನ್ನು ತಡೆಯಲು ಕೊನೆಯಲ್ಲಿ ಒಂದು ಚಿಕ್ಕ ಫಿಲ್ಟರ್ ಇರಬೇಕು. ಅಗ್ಗದ ಪಾಯಿಂಟರಿನಲ್ಲಿ ಮೊದಲು ಕಾಣೆಯಾಗುವ ಬಿಡಿಭಾಗ ಅದೇ.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಇಂಥದ್ದೊಂದು ಪಾಯಿಂಟರಿನ ವರದಿ ಪ್ರಕಟಿಸಿದರು. ಬೆಲೆ 15 ಡಾಲರ್, ಮೇಲೆ ಬರೆದಿದ್ದದ್ದು 10 ಮಿಲಿವ್ಯಾಟ್. ಹಸಿರು ಮಂಕಾಗಿತ್ತು. ಅಳೆದು ನೋಡಿದರೆ ಸುಮಾರು 20 ಮಿಲಿವ್ಯಾಟ್ ಅವಗೆಂಪು ಹೊರಬರುತ್ತಿತ್ತು. ನಮ್ಮ ಕಾರ್ಯಾಗಾರದಲ್ಲೂ ಒಮ್ಮೆ ಒಬ್ಬ ವಿದ್ಯಾರ್ಥಿನಿ ಜಾತ್ರೆಯಲ್ಲಿ ಕೊಂಡ ಹಸಿರು ಪಾಯಿಂಟರ್ ತಂದಿದ್ದಳು. “ಸೆಲ್ ಹಳೆಯದಾಗಿದೆ ಸರ್, ಬೆಳಕೇ ಇಲ್ಲ, ತಮ್ಮನಿಗೆ ಆಟಕ್ಕೆ ಕೊಟ್ಟಿದ್ದೆವು” ಎಂದಳು. ಅದನ್ನು ಪವರ್ ಮೀಟರಿಗೆ ಹಿಡಿದು ನಡುವೆ ಹಸಿರನ್ನು ತಡೆಯುವ ಫಿಲ್ಟರ್ ಇಟ್ಟೆ. ಹಸಿರು ಹೋಯಿತು, ಮೀಟರಿನ ಅಂಕಿ ಹೋಗಲಿಲ್ಲ. ಕೋಣೆ ಸ್ತಬ್ಧವಾಯಿತು. ಆ ಹುಡುಗಿ ಕೂಡಲೇ ಹೊರಗೆ ಹೋಗಿ ಮನೆಗೆ ಫೋನ್ ಮಾಡಿ ತಮ್ಮನ ಕಣ್ಣಿನ ಬಗ್ಗೆ ವಿಚಾರಿಸಿದಳು. ಹುಡುಗನಿಗೆ ಏನೂ ಆಗಿರಲಿಲ್ಲ. ಆದರೆ ಆ ಐದು ನಿಮಿಷ ನನಗೆ ಇವತ್ತಿಗೂ ನೆನಪಿದೆ. ಸೆಲ್ ಸೋತಾಗ, ಹರಳು ಸ್ವಲ್ಪ ಸರಿದಾಗ ಮೊದಲು ಕುಸಿಯುವುದು ಹಸಿರು. ಅದನ್ನು ಹುಟ್ಟಿಸುವ ಅವಗೆಂಪು ಹಾಗೆ ಕುಸಿಯಬೇಕೆಂದೇನೂ ಇಲ್ಲ.

ಕನ್ನಡಕದ ಮಾತೂ ಇದರ ಜೊತೆಗೇ ಬರಬೇಕು. ಲೇಸರ್ ಕನ್ನಡಕದ ಮೇಲೆ ಅದು ಯಾವ ತರಂಗಾಂತರವನ್ನು ಎಷ್ಟು ತಡೆಯುತ್ತದೆ ಎಂದು ಮುದ್ರಿಸಿರುತ್ತಾರೆ. ಮೊದಲು ಅದನ್ನು ಓದಿ, ಆಮೇಲೆ ಹಾಕಿಕೊಳ್ಳಿ. 532ಕ್ಕೆಂದು ಮಾಡಿದ ಕಿತ್ತಳೆ ಬಣ್ಣದ ಕನ್ನಡಕ 808ನ್ನು ಆರಾಮವಾಗಿ ಒಳಗೆ ಬಿಡಬಹುದು. ತಂಪು ಕನ್ನಡಕ ಯಾವುದಕ್ಕೂ ಆಗುವುದಿಲ್ಲ. ಉಳಿದ ನಿಯಮಗಳು ಸರಳ. ಉಂಗುರ, ಬಳೆ, ಕೈಗಡಿಯಾರ ಬಿಚ್ಚಿಡಿ, ಅವೆಲ್ಲ ಕಿರಣಕ್ಕೆ ಕನ್ನಡಿಗಳು. ಕಿರಣ ಸರಿಯಾಗಿದೆಯೇ ಎಂದು ಮೇಜಿನ ಮಟ್ಟಕ್ಕೆ ಬಗ್ಗಿ ನೋಡಬೇಡಿ. ಬಿದ್ದ ಪೆನ್ನನ್ನು ಎತ್ತಿಕೊಳ್ಳುವಾಗ ಕಣ್ಣು ಮುಚ್ಚಿಕೊಂಡು ಬಗ್ಗಿ. ಕೋಣೆಯ ದೀಪ ಆರಿಸಬೇಡಿ, ಕತ್ತಲಲ್ಲಿ ಪಾಪೆ 7 ಮಿಲಿಮೀಟರ್‌ವರೆಗೆ ಹಿಗ್ಗಿ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ.

ಈಗ ಸಂಶೋಧನೆಗೆ ಬರುತ್ತೇನೆ, ಏಕೆಂದರೆ ಇದು ಸಂಶೋಧನಾ ಕಾರ್ಯಾಗಾರ. ಸುರಕ್ಷತೆಯ ಪಾಠ ಮುಗಿದು ಪ್ರಯೋಗ ಶುರುವಾಗುತ್ತದೆ ಎಂದುಕೊಂಡಿದ್ದರೆ ತಪ್ಪು. ನಿಮ್ಮ ಮೊದಲ ಪ್ರಯೋಗವೇ ಆ ಪಾಠ. ಆ ಅಮೆರಿಕನ್ ವಿಜ್ಞಾನಿಗಳೇ ಒಂದು ಸುಲಭ ಪರೀಕ್ಷೆಯನ್ನೂ ಸೂಚಿಸಿದ್ದರು. ಬೇಕಾಗುವುದು ಒಂದು ಸಿಡಿ, ಕಾಗದದ ಲೋಟ, ಕ್ಯಾಮೆರಾ, ಟಿವಿ ರಿಮೋಟ್. ಸಿಡಿಯ ಮೇಲಿನ ಸುರುಳಿ ಗೆರೆಗಳ ನಡುವಿನ ಅಂತರ 1.6 ಮೈಕ್ರೊಮೀಟರ್, ಹೀಗಾಗಿ ಅದು ಬೆಳಕನ್ನು ತರಂಗಾಂತರಕ್ಕೆ ತಕ್ಕಂತೆ ಬೇರೆ ಬೇರೆ ಕೋನಗಳಿಗೆ ಎಸೆಯುತ್ತದೆ. ಕಾಗದದ ತೂತಿನ ಮೂಲಕ ಲೇಸರನ್ನು ಸಿಡಿಗೆ ಲಂಬವಾಗಿ ಬಿಡಿ. ಮರಳಿ ಬಂದ ಚುಕ್ಕೆಗಳು ಕಾಗದದ ಮೇಲೆ ಬೀಳುತ್ತವೆ. ಅವನ್ನು ಮೊಬೈಲ್ ಪರದೆಯಲ್ಲಿ ಮಾತ್ರ ನೋಡಿ. ಮೊಬೈಲಿನ ಯಾವ ಕ್ಯಾಮೆರಾಕ್ಕೆ ಅವಗೆಂಪು ಕಾಣುತ್ತದೆ ಎಂದು ರಿಮೋಟಿನ ಗುಂಡಿ ಒತ್ತಿ ಮೊದಲೇ ಪರೀಕ್ಷಿಸಿಕೊಳ್ಳಿ. ಎಷ್ಟೋ ಮೊಬೈಲುಗಳಲ್ಲಿ ಸೆಲ್ಫಿ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದೆ. ಇದನ್ನು ಮನೆಯಲ್ಲಿ ಒಬ್ಬರೇ ಮಾಡಬೇಡಿ, ನಮ್ಮ ಮೇಜಿನ ಮೇಲೆ ಮಾಡೋಣ.

ಇದರಲ್ಲಿ ನನಗೆ ಪ್ರಿಯವಾದ ಒಂದು ಬಲೆ ಇದೆ. 532ರ ಮೊದಲ ಚುಕ್ಕೆ ಸುಮಾರು 19 ಡಿಗ್ರಿಯಲ್ಲಿ, ಎರಡನೆಯದು 42 ಡಿಗ್ರಿಯ ಹತ್ತಿರ ಬೀಳುತ್ತದೆ. 1064ರ ಮೊದಲ ಚುಕ್ಕೆಯೂ ಕರಾರುವಾಕ್ಕಾಗಿ ಆ 42ರಲ್ಲೇ ಬೀಳುತ್ತದೆ, ಏಕೆಂದರೆ ಅದು 532ರ ಎರಡರಷ್ಟು. ಹಾಗಾಗಿ 42 ಡಿಗ್ರಿಯ ಚುಕ್ಕೆಯನ್ನು ತೋರಿಸಿ “ಅವಗೆಂಪು ಸಿಕ್ಕಿತು” ಎಂದರೆ ನಾನು ಒಪ್ಪುವುದಿಲ್ಲ. ನಿಜವಾದ ಸಾಕ್ಷಿ ಇರುವುದು 30 ಡಿಗ್ರಿಯಲ್ಲಿ. ಅಲ್ಲಿ ಹಸಿರಿಗೆ ಜಾಗವಿಲ್ಲ, 808ಕ್ಕೆ ಮಾತ್ರ ಇದೆ. ಇದನ್ನು ಯಾರೂ ಹೇಳಿಕೊಡದೆ ತಾವೇ ಲೆಕ್ಕ ಹಾಕಿ ಕಂಡುಕೊಂಡ ಇಬ್ಬರು ವಿದ್ಯಾರ್ಥಿಗಳು ನನಗೆ ಸಿಕ್ಕಿದ್ದಾರೆ, ಆ ಎರಡು ದಿನಗಳೂ ನನಗೆ ಹಬ್ಬವಾಗಿದ್ದವು.

ಯಾರೂ ಕೇಳದಿದ್ದರೂ ಇಲ್ಲಿ ಒಂದು ಮಾತು ಸೇರಿಸಬೇಕು. ಇಂದಿನ ರಾಮನ್ ಉಪಕರಣಗಳಲ್ಲಿ ಲೇಸರ್ ಇರುವುದನ್ನು ನೋಡಿದ ಅನೇಕರು ರಾಮನ್ ಪರಿಣಾಮ (ವಸ್ತುವಿನಿಂದ ಚದುರಿದ ಬೆಳಕಿನ ಒಂದು ಚಿಕ್ಕ ಪಾಲಿನ ಬಣ್ಣ ಬದಲಾಗುವುದು) ಪತ್ತೆಯಾದದ್ದೂ ಲೇಸರಿನಿಂದಲೇ ಎಂದುಕೊಂಡಿರುತ್ತಾರೆ. ಅಮೆರಿಕದ ವಿಜ್ಞಾನಿ ಮೈಮನ್ ಜಗತ್ತಿನ ಮೊದಲ ಲೇಸರಾದ ಮಾಣಿಕ್ಯ ಲೇಸರನ್ನು ಬೆಳಗಿಸಿದ್ದು 1960ರ ಮೇ 16ರಂದು. ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕೋಲ್ಕತ್ತದಲ್ಲಿ ಆ ಹೊಸ ಬೆಳಕನ್ನು ಕಂಡದ್ದು ಅದಕ್ಕೂ 32 ವರ್ಷ ಮುಂಚೆ, 1928ರಲ್ಲಿ. ಅವರ ಮೊದಲ ಪ್ರಯೋಗಗಳಲ್ಲಿ ಬೆಳಕಿನ ಮೂಲ ಸೂರ್ಯ. ಬಿಸಿಲನ್ನು ನೀಲಿ-ನೇರಳೆ ಫಿಲ್ಟರಿನ ಮೂಲಕ ದ್ರವಕ್ಕೆ ಹಾಯಿಸಿದರು. ದ್ರವದಿಂದ ಚದುರಿ ಬಂದ ಬೆಳಕಿನ ಮುಂದೆ, ಮೊದಲ ಫಿಲ್ಟರ್ ಬಿಟ್ಟದ್ದನ್ನೆಲ್ಲ ತಡೆಯುವ ಎರಡನೆಯ ಫಿಲ್ಟರ್ ಇಟ್ಟರು. ಲೆಕ್ಕದ ಪ್ರಕಾರ ಏನೂ ಕಾಣಬಾರದು. ಆದರೂ ಒಂದು ಕ್ಷೀಣ ಜಾಡು ಕಂಡಿತು. ರಾಮನ್ ಅವರದೇ ಶಿಷ್ಯ ಕೆ.ಆರ್. ರಾಮನಾಥನ್ 1923ರಲ್ಲೇ ನೀರಿನಲ್ಲಿ ಇಂಥ ಕ್ಷೀಣ ಬೆಳಕನ್ನು ಗಮನಿಸಿದ್ದರು. ಆಗ ಅದನ್ನು ಕಶ್ಮಲದಿಂದ ಬಂದ ದುರ್ಬಲ ಪ್ರತಿದೀಪ್ತಿ (ಬೆಳಕನ್ನು ಹೀರಿಕೊಂಡ ವಸ್ತು ಬೇರೆ ಬಣ್ಣದಲ್ಲಿ ಹೊಳೆಯುವುದು) ಎಂದು ಶಂಕಿಸಿ ನೀರನ್ನು ಮತ್ತೆ ಮತ್ತೆ ಶುದ್ಧ ಮಾಡಿದರು. ಬೆಳಕು ಹೋಗಲಿಲ್ಲ. ಆ ಬೆಳಕು ಧ್ರುವೀಕರಣಗೊಂಡಿದೆ, ಅಂದರೆ ಅದರ ಅಲೆಗಳ ಕಂಪನ ಒಂದು ದಿಕ್ಕಿಗೆ ವಾಲಿದೆ ಎಂದು ತಿಳಿದ ಮೇಲೆ ಪ್ರತಿದೀಪ್ತಿಯ ವಿವರಣೆ ಸಾಲದೆ ಹೋಯಿತು. ಫೆಬ್ರುವರಿ 28ರಂದು ವರ್ಣಪಟಲದಲ್ಲಿ ಹೊಸ ಗೆರೆಗಳೇ ಕಂಡವು.

ಒಂದು ಬೆಳಕನ್ನು ತಡೆದು, ಇರಬಾರದ ಜಾಗದಲ್ಲಿ ಇನ್ನೊಂದಕ್ಕಾಗಿ ಹುಡುಕುವುದು ಅವರು ಮಾಡಿದ ಕೆಲಸ. ಜಾತ್ರೆಯ ಪಾಯಿಂಟರಿನ ಮುಂದೆ ನಾನು ಫಿಲ್ಟರ್ ಇಟ್ಟು ಮೀಟರ್ ನೋಡಿದ್ದೂ, 30 ಡಿಗ್ರಿಯ ಖಾಲಿ ಜಾಗದಲ್ಲಿ ನೀವು ಚುಕ್ಕೆ ಹುಡುಕಲಿರುವುದೂ ಅದೇ ಕ್ರಮದಲ್ಲಿ. ಸುರಕ್ಷತೆಯ ಪಾಠವನ್ನು ಅರ್ಧ ದಿನಕ್ಕಿಂತ ಕಡಿಮೆ ಮಾಡಲು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

ಬರುವಾಗ ಮನೆಯಲ್ಲಿ ಹಳೆಯ ಹಾಡಿನ ಸಿಡಿ ಇದ್ದರೆ ಒಂದನ್ನು ತನ್ನಿ. ಸಿಡಿ ಸಿಗದೆ ಅಕ್ಕನ ಮದುವೆಯ ಡಿವಿಡಿ ತರುವವರು ಪ್ರತಿ ವರ್ಷ ಇರುತ್ತಾರೆ. ಡಿವಿಡಿಯ ಗೆರೆಗಳ ಅಂತರ 0.74 ಮೈಕ್ರೊಮೀಟರ್, 808 ನ್ಯಾನೊಮೀಟರಿಗಿಂತ ಕಡಿಮೆ. ಲಂಬವಾಗಿ ಬಿಟ್ಟ ಲೇಸರಿನ ಹಸಿರು ಚುಕ್ಕೆ ಅದರಲ್ಲೂ ಮೂಡುತ್ತದೆ, ಅವಗೆಂಪಿನದು ಮೂಡುವುದೇ ಇಲ್ಲ. ಅದನ್ನು ನೋಡಿ ಪಾಯಿಂಟರ್ ಸುರಕ್ಷಿತ ಎಂದು ಬರೆದುಕೊಟ್ಟ ವರದಿಯೊಂದನ್ನು ನಾನು ಹಿಂದಿರುಗಿಸಿದ್ದೇನೆ. ಸಿಡಿಯನ್ನೇ ತನ್ನಿ.