ಅಣ್ಣನ ಹೆಸರಿದ್ದ ಜಾಗದಲ್ಲಿ ತಮ್ಮನ ಹೆಸರು

ಶಾಸನದ ಕಲ್ಲಿನ ಮೇಲೆ ಕಾಗದವೊತ್ತಿ ತೆಗೆದ ಪಡಿಯಚ್ಚು ಒಣಗಿ ಮೇಜಿನ ಮೇಲೆ ಬಂದಾಗ, ಶಾಸನ ಓದಲು ಕಲಿಯುತ್ತಿರುವವರು ಮೊದಲ ಕೆಲವು ಸಾಲುಗಳನ್ನು ಹಾರಿಸಿಬಿಡುತ್ತಾರೆ. ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ...’ ಕಲ್ಯಾಣದ ಚಾಲುಕ್ಯರ ದತ್ತಿಶಾಸನಗಳು ಸಾಮಾನ್ಯವಾಗಿ ಶುರುವಾಗುವುದೇ ಹೀಗೆ, ಇದರಲ್ಲಿ ಹೊಸದೇನಿದೆ ಎಂದು ಅವರ ಎಣಿಕೆ. ನಾನು ಅವರನ್ನು ತಡೆದು, ಬಿರುದುಗಳ ಬೆನ್ನಿಗೇ ಬರುವ ಹೆಸರಿನ ಮೇಲೆ ಬೆರಳಿಡಿಸುತ್ತೇನೆ. 1068ರಿಂದ 1076ರವರೆಗೆ ಅಲ್ಲಿರುವುದು ‘ಭುವನೈಕಮಲ್ಲದೇವರ’; ಅನಂತರ ‘ತ್ರಿಭುವನಮಲ್ಲದೇವರ’. ಹಿಂದಿನ ಬಿರುದುಗಳು ಅವೇ. ಮುಂದಿನ ‘ವಿಜಯರಾಜ್ಯಮುತ್ತರೋತ್ತರಾಭಿವೃದ್ಧಿ ಪ್ರವರ್ಧಮಾನಮಾಚಂದ್ರಾರ್ಕತಾರಂಬರಂ ಸಲುತ್ತಮಿರೆ’ (ರಾಜ್ಯ ಸೂರ್ಯಚಂದ್ರತಾರೆಗಳಿರುವವರೆಗೆ ಬೆಳೆಯುತ್ತಾ ನಡೆಯುತ್ತಿರಲು) ಎಂಬ ಮಾತೂ ಅದೇ. ನಡುವಿನ ಹೆಸರು ಮಾತ್ರ ಬದಲಾಗಿದೆ. ಆ ಬದಲಾವಣೆಯ ಹಿಂದೆ ಅಣ್ಣತಮ್ಮಂದಿರ ಎಂಟು ವರ್ಷಗಳ ಹಗೆತನವಿದೆ.

ಭುವನೈಕಮಲ್ಲನೆಂದರೆ ಅಣ್ಣ ಇಮ್ಮಡಿ ಸೋಮೇಶ್ವರ, ತ್ರಿಭುವನಮಲ್ಲನೆಂದರೆ ತಮ್ಮ ಆರನೆಯ ವಿಕ್ರಮಾದಿತ್ಯ. ತಂದೆ ಆಹವಮಲ್ಲ ಸೋಮೇಶ್ವರ ವಾಸಿಯಾಗದ ಜ್ವರಕ್ಕೆ ಸಿಕ್ಕಿ, 1068ರ ಮಾರ್ಚ್ ಕೊನೆಯಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗಿಳಿದು ಪ್ರಾಣಬಿಟ್ಟ. ಏಪ್ರಿಲ್‌ನಲ್ಲಿ ಹಿರಿಯ ಮಗನಿಗೆ ಪಟ್ಟವಾಯಿತು. ಇಷ್ಟರಲ್ಲಿ ತಕರಾರಿಲ್ಲ. ಆಮೇಲಿನದನ್ನು ಯಾರ ಬಾಯಿಂದ ಕೇಳುತ್ತೀರಿ ಎಂಬುದರ ಮೇಲೆ ಕಥೆ ಬೇರೆಯಾಗುತ್ತದೆ.

ಹೆಚ್ಚಿನವರು ಕೇಳಿರುವುದು ಬಿಲ್ಹಣನ ಬಾಯಿಂದ. ಕಾಶ್ಮೀರದಿಂದ ಬಂದು ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾದ ಈ ಕವಿಯ ‘ವಿಕ್ರಮಾಂಕದೇವಚರಿತ’ದಲ್ಲಿ, ತಂದೆ ಯುವರಾಜಪಟ್ಟ ಕಟ್ಟಲು ಬಂದರೆ ವಿಕ್ರಮಾದಿತ್ಯ ‘ಅದು ಅಣ್ಣನದು’ ಎಂದು ಒಲ್ಲೆನ್ನುತ್ತಾನೆ. ಪಟ್ಟವೇರಿದ ಅಣ್ಣ ಮದವೇರಿ ಕೆಡುತ್ತಾನೆ, ತಮ್ಮನನ್ನೇ ಶಂಕಿಸುತ್ತಾನೆ; ತಮ್ಮ ರಾಜಧಾನಿ ಬಿಟ್ಟು ಹೊರಡುತ್ತಾನೆ. ಯುದ್ಧ ಎದುರಾದಾಗಲೂ ಒಡಹುಟ್ಟಿದವನ ಮೇಲೆ ಕತ್ತಿಯೆತ್ತಲು ಅವನಿಗೆ ಮನಸ್ಸಿಲ್ಲ. ಶಿವನೇ ಕನಸಿನಲ್ಲಿ ಬಂದು ಅಪ್ಪಣೆ ಕೊಡಬೇಕಾಗುತ್ತದೆ. ಗೆದ್ದ ಮೇಲೆ ಅಣ್ಣನಿಗೆ ರಾಜ್ಯ ಮರಳಿಸಲು ಹೊರಟಾಗ ಶಿವ ಮತ್ತೆ ಗದರುತ್ತಾನೆ. ಇದನ್ನು ಓದುವಾಗಲೆಲ್ಲ ನನಗೆ ಅನ್ನಿಸುವುದೊಂದೇ: ಜ್ಯೇಷ್ಠನ ಹಕ್ಕು ಆ ಕಾಲದ ಜನಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಬೇರೂರಿತ್ತು. ಅದನ್ನು ದಾಟಲು ಕವಿಗೆ ದೇವರ ಮಾತಿಗಿಂತ ಕಡಿಮೆಯದು ಸಾಲುತ್ತಿರಲಿಲ್ಲ.

ಚೋಳ ವೀರರಾಜೇಂದ್ರನ ತಮಿಳು ಶಾಸನಗಳಲ್ಲಿ ಇನ್ನೊಂದು ಮುಖವಿದೆ. ಬಿಲ್ಹಣನ ಪ್ರಕಾರ ಚೋಳನೇ ಸಂಧಿ ಬೇಡಿ ವಿಕ್ರಮಾದಿತ್ಯನಿಗೆ ಮಗಳನ್ನು ಕೊಟ್ಟ. ಚೋಳನ ಪ್ರಕಾರ, ತನ್ನ ಪಾದಕ್ಕೆ ಬಂದ ‘ಸಳುಕ್ಕಿ’ (ಚಾಲುಕ್ಯ) ವಿಕ್ರಮಾದಿತ್ಯನ ಕೊರಳಿಗೆ ಕಂಠಿಕೆ ಕಟ್ಟಿ, ರಟ್ಟಪಾಡಿ ಏಳೂವರೆ ಲಕ್ಷವೆಂಬ ಚಾಲುಕ್ಯ ನಾಡನ್ನು ಗೆದ್ದು ಅವನಿಗೆ ದಯಪಾಲಿಸಿದವನು ತಾನು. ಕಂಠಿಕೆ ಎಂದರೆ ಬರೀ ಕೊರಳ ಒಡವೆಯಲ್ಲ, ಯುವರಾಜಪದವಿಯ ಗುರುತು. ತಂದೆಯ ಕೈಯಿಂದ ಬೇಡವೆಂದದ್ದನ್ನು ಮಾವನ ಕೈಯಿಂದ ಕಟ್ಟಿಸಿಕೊಂಡನೆಂದಾಯಿತು. ಚೋಳನ ಪ್ರಶಸ್ತಿಯಲ್ಲೂ ಉಬ್ಬರವಿದೆ, ಬಿಲ್ಹಣನಲ್ಲೂ ಇದೆ. ಎರಡನ್ನೂ ಜಾಲಿಸಿದರೆ ಉಳಿಯುವುದು ಮದುವೆಯ ನಂಟು. ಅಣ್ಣನ ಸಿಂಹಾಸನ ಇನ್ನೂ ನೆಲೆಯೂರುವ ಮೊದಲೇ ತಮ್ಮನ ಬೆನ್ನಿಗೆ ಕುಲದ ಹಳೆಯ ಶತ್ರುವಿನ ಬಲವಿತ್ತು.

ಇನ್ನು ಬಳ್ಳಿಗಾವೆಯ ಶಾಸನಗಳು. ವಿಕ್ರಮಾದಿತ್ಯನಿಗೆ ಗಂಗವಾಡಿ, ಕಿರಿಯ ತಮ್ಮ ಜಯಸಿಂಹನಿಗೆ ನೊಳಂಬವಾಡಿ, ದಂಡನಾಯಕ ಲಕ್ಷ್ಮಣನಿಗೆ ಬನವಾಸಿ ಎಂಬ ಹಂಚಿಕೆ ಇಲ್ಲಿ ಕಾಣುತ್ತದೆ. ಲಕ್ಷ್ಮಣ ಸೋಮೇಶ್ವರನ ನೆಚ್ಚಿನವನು. ತಂದೆಯ ಕಾಲದಲ್ಲಿ ಗಂಗವಾಡಿಯ ಜತೆಗೆ ಬನವಾಸಿಯನ್ನೂ ಆಳಿದ್ದ ವಿಕ್ರಮಾದಿತ್ಯನಿಗೆ ಇದು ಹೇಗನ್ನಿಸಿರಬೇಕು! ಬಿಲ್ಹಣ ಹೇಳುವ ‘ಮದ’ಕ್ಕಿಂತ ಈ ನಾಡುಹಂಚಿಕೆಯೇ ಜಗಳದ ಬೇರೆಂದು ನಾನು ನಂಬುತ್ತೇನೆ.

1070ರಲ್ಲಿ ವೀರರಾಜೇಂದ್ರ ತೀರಿಕೊಂಡ. ವಿಕ್ರಮಾದಿತ್ಯ ಕಂಚಿಗೂ ಗಂಗೈಕೊಂಡಚೋಳಪುರಕ್ಕೂ ಹೋಗಿ ಭಾವಮೈದುನ ಅಧಿರಾಜೇಂದ್ರನನ್ನು ಗದ್ದುಗೆಗೇರಿಸಿ ಬಂದ. ಅಧಿರಾಜೇಂದ್ರ ಹೆಚ್ಚು ದಿನ ಬಾಳಲಿಲ್ಲ. ಚೋಳರ ಪಟ್ಟ ವೆಂಗಿಯ ರಾಜೇಂದ್ರನ, ಅಂದರೆ ಮುಂದಿನ ಕುಲೋತ್ತುಂಗನ ಪಾಲಾಯಿತು. ವೆಂಗಿಯ ಚಾಲುಕ್ಯರಲ್ಲಿ ಹುಟ್ಟಿದ ಅವನು ತಾಯಿಯ ಕಡೆಯಿಂದ ಚೋಳ ರಾಜೇಂದ್ರನ ಮೊಮ್ಮಗ. ಸೋಮೇಶ್ವರ ಇವನ ಕೈಹಿಡಿದ. ವಿಕ್ರಮಾದಿತ್ಯನ ಜತೆ ನಿಂತವರು ಗೋವೆಯ ಕದಂಬ ಜಯಕೇಶಿ, ಹೊಯ್ಸಳರು, ಉಚ್ಚಂಗಿಯ ಪಾಂಡ್ಯರು, ಸೇವುಣರು. ಮನೆಯ ವ್ಯಾಜ್ಯಕ್ಕೆ ಅರ್ಧ ದಕ್ಷಿಣಾಪಥವೇ ಕಣವಾಯಿತು. 1076ರಲ್ಲಿ ಅಣ್ಣ ಸೆರೆಸಿಕ್ಕ.

ಗೆದ್ದವನು ಮಾಡಿದ ಕೆಲಸ ನೋಡಿ. ಶಕವರ್ಷದ ಎಣಿಕೆಯನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ವರ್ಷವನ್ನು ಹೂಡಿದ. 1076ರ ನಳ ಸಂವತ್ಸರವೇ ಅದರ ಮೊದಲ ವರ್ಷ. ಶಕವನ್ನು ಅಳಿಸಿದನೆಂದು ಶಾಸನಪದ್ಯವೊಂದು ಹೆಮ್ಮೆಯಿಂದ ಹೇಳುತ್ತದೆ. ದೇವರ ನಂದಾದೀವಿಗೆಗೆ ಎಣ್ಣೆ ಬಿಡುವ ಊರಗೌಡನ ದತ್ತಿಗೂ ಅಂದಿನಿಂದ ಈ ಅರಸನ ಪಟ್ಟದಿಂದಲೇ ಕಾಲಗಣನೆ. ಅಣ್ಣನ ಎಂಟು ವರ್ಷಗಳು ಆ ಲೆಕ್ಕದ ಆಚೆ ಉಳಿದವು. 1080ರ ದಶಕದ ಆರಂಭದಲ್ಲಿ ಜಯಸಿಂಹನೂ ತಿರುಗಿಬಿದ್ದು ಸೋತ. ಅವನು ಆಗ ಆಳುತ್ತಿದ್ದುದು ಅದೇ ಬನವಾಸಿಯನ್ನು.

ಗುಡಿಯಂಗಳದ ಕಲ್ಲಿನಲ್ಲಿ ‘ಚಾಳುಕ್ಯವಿಕ್ರಮವರ್ಷದ’ ಎಂಬ ಪದ ಕಣ್ಣಿಗೆ ಬಿದ್ದರೆ, ಅದರ ಜತೆಗಿರುವ ಸಂಖ್ಯೆಗೆ 1075 ಕೂಡಿಸಿ, ಇಸವಿ ಸಿಗುತ್ತದೆ. ಪುಷ್ಯದಿಂದ ಫಾಲ್ಗುಣದವರೆಗಿನ ತಿಥಿಯಾದರೆ ಇನ್ನೊಂದು ಕೂಡಿಸಬೇಕಾದೀತು, ಸಂವತ್ಸರದ ಹೆಸರನ್ನೂ ತಾಳೆನೋಡಿ. ಇಟಗಿಯ ಮಹಾದೇವ ದೇವಾಲಯದ ಶಾಸನದ ಇಸವಿ 1112 ಈ ಎಣಿಕೆಯಲ್ಲಿ 37ನೆಯ ವರ್ಷ. 1126ರಲ್ಲಿ ಪಟ್ಟಕ್ಕೆ ಬಂದ ಮಗ ಮುಮ್ಮಡಿ ಸೋಮೇಶ್ವರನ ಶಾಸನಗಳಲ್ಲಿ ಇದೇ ಜಾಗದಲ್ಲಿ ಅವನದೇ ಎಣಿಕೆಯ ‘ಭೂಲೋಕಮಲ್ಲವರ್ಷ’ ಸಿಗುತ್ತದೆ. ಅದಕ್ಕೆ 1075 ಕೂಡಿಸಬೇಡಿ.