ಮುಖ ಒಂದು ಕಡೆ, ಕೈಕಾಲು ಇನ್ನೊಂದು ಕಡೆ

ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವ ಹಿರಿಯರು, ಕುಂದಾಪುರ ಕಡೆಯವರು. ಬೆಳಿಗ್ಗೆ ಚಹಾ ಕುಡಿಯುವಾಗ ಬಲಗಡೆಯ ತುಟಿಯಿಂದ ಸೋರಿತು. ಎಣಿಸುತ್ತಿದ್ದ ನೋಟುಗಳು ಎಡಗೈಯಿಂದ ಜಾರಿದವು. "ಮಾವನಿಗೆ ಫ್ಯಾನಿನ ಗಾಳಿ ಬಡಿದಿದೆ ಅಂದುಕೊಂಡೆವು ಡಾಕ್ಟ್ರೇ. ಲಕ್ವ ಆದರೆ ಒಂದೇ ಕಡೆ ಬೀಳಬೇಕು ಅಲ್ವಾ?" ಎಂದ ಅಳಿಯ.

ಈ ಮಾತು ನಾನು ಎಷ್ಟು ಸಲ ಕೇಳಿದ್ದೇನೋ. ಮುಖ ಬಲಗಡೆ, ಕೈಕಾಲು ಎಡಗಡೆ ಸೋತಿದ್ದರೆ ಸಮಾಧಾನ ಪಡಬೇಡಿ, ಇನ್ನೂ ಜಾಸ್ತಿ ಹೆದರಿ.

ಕೈಕಾಲಿಗೆ ಹೋಗುವ ನರದೆಳೆಗಳು ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳು ಕಾಂಡದ ತಳಭಾಗದಲ್ಲಿ ಬದಿ ಬದಲಿಸುತ್ತವೆ. ಮುಖದ ನರ ಅದಕ್ಕಿಂತ ಮೇಲೆಯೇ, ತನ್ನ ಬದಿಯಲ್ಲೇ ಹೊರಬೀಳುತ್ತದೆ. ಆ ಜಾಗದಲ್ಲಿ ಬಲಗಡೆ ರಕ್ತ ಸಂಚಾರ ನಿಂತರೆ ಬಲ ಮುಖಕ್ಕೂ ಎಡ ಕೈಕಾಲಿಗೂ ಒಟ್ಟಿಗೇ ಪೆಟ್ಟು.

ಇಲ್ಲಿ ವೈದ್ಯರೂ ಎಡವುತ್ತಾರೆ. ಹಣೆಯ ಸುಕ್ಕೂ ಹೋಗಿದ್ದರೆ ಬೆಲ್ಸ್ ಪಾಲ್ಸಿ (ಮುಖದ ನರ ಮಾತ್ರ ಸೋಲುವ ತೊಂದರೆ), ಸ್ಟ್ರೋಕ್ ಅಲ್ಲ ಎಂದು ನಾವೆಲ್ಲ ಓದಿದ್ದೇವೆ. ಮಿದುಳು ಕಾಂಡದ ಸ್ಟ್ರೋಕಿನಲ್ಲಿ ಹಣೆಯೂ ಹೋಗಬಹುದು. ಈ ಹಿರಿಯರದೂ ಹೋಗಿತ್ತು. ಬಲಕ್ಕೆ ನೋಡಿ ಎಂದೆ. ಎಡಗಣ್ಣು ಮೂಗಿನತ್ತ ತಿರುಗಿತು, ಬಲಗಣ್ಣು ನಡುವಲ್ಲೇ ನಿಂತಿತು. "ನಿಮ್ಮ ಬೆರಳು ಎರಡು ಕಾಣ್ತಿದೆ" ಎಂದರು. ಬರೀ ಬೆಲ್ಸ್ ಪಾಲ್ಸಿಯಲ್ಲಿ ಕಣ್ಣುಗುಡ್ಡೆಯ ಚಲನೆಗೆ ಏನೂ ಆಗುವುದಿಲ್ಲ, ಕೈಯ ಬಲವೂ ಕುಗ್ಗುವುದಿಲ್ಲ.

ಇನ್ನೂ ಕೆಲವು ಬಗೆಗಳಿವೆ. ಒಂದು ರೆಪ್ಪೆ ಇಳಿಬಿದ್ದು ಎದುರು ಬದಿಯ ಕೈಕಾಲು ಸೋಲುವುದು. ಅಪರೂಪಕ್ಕೆ ಒಂದು ಬದಿಯ ಕೈ, ಇನ್ನೊಂದು ಬದಿಯ ಕಾಲು. ನನಗೆ ಅತಿ ಭಯ ಹುಟ್ಟಿಸುವುದು ಇದು: ಬೆಳಿಗ್ಗೆ ಬಲಗೈ ಸೋತು ಸರಿಹೋಯಿತು, ಮಧ್ಯಾಹ್ನ ಎಡಗಾಲು, ಜೊತೆಗೆ ತೊದಲು. ಕಾಂಡಕ್ಕೆ ರಕ್ತ ಕೊಡುವ ಬೇಸಿಲರ್ ರಕ್ತನಾಳ ಮುಚ್ಚಿಕೊಳ್ಳುವಾಗ ಹೀಗೆ ಬಂದುಹೋಗಿ ಮಾಡುತ್ತದೆ. ಪೂರ್ತಿ ಮುಚ್ಚಿದರೆ ನಾಲ್ಕೂ ಕೈಕಾಲು ಹೋಗಬಹುದು, ಎಚ್ಚರವೂ ತಪ್ಪಬಹುದು. ಕೆಲವರಿಗೆ ಶಕ್ತಿಯೇ ಕುಂದುವುದಿಲ್ಲ. ತಲೆ ತಿರುಗಿ ನಿಲ್ಲಲಾಗುವುದಿಲ್ಲ, ನುಂಗಲಾಗುವುದಿಲ್ಲ, ಅಷ್ಟೇ. ಹಾಗಾಗಿ ಮುಖ, ಕೈ, ಮಾತು ನೋಡುವಾಗ ಕಣ್ಣನ್ನೂ ನಡಿಗೆಯನ್ನೂ ನೋಡಿ.

ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು. 108ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಸ್ಕ್ಯಾನ್ ಮಾಡುವ ಆಸ್ಪತ್ರೆಗೇ ಹೋಗಿ. ಮೊದಲ ಸಿಟಿ ಸ್ಕ್ಯಾನ್ ಚೆನ್ನಾಗಿದೆ ಎಂದು ಮನೆಗೆ ಹೊರಡಬೇಡಿ, ಈ ಜಾಗದ ಸ್ಟ್ರೋಕ್ ಅದರಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಬೇಸಿಲರ್ ಮುಚ್ಚಿದ್ದರೆ, ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ರಕ್ತನಾಳದೊಳಗಿಂದಲೇ ಹೆಪ್ಪು ತೆಗೆಯಬಹುದು. ಚೀನಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಇದಕ್ಕೆ ಬಲ ಕೊಟ್ಟವು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ 4.5 ಗಂಟೆಯ ಗಡಿ. ಅದನ್ನು ಲೆಕ್ಕ ಹಾಕುವುದು ರೋಗಿ ಕೊನೆಯದಾಗಿ ಚೆನ್ನಾಗಿದ್ದ ಹೊತ್ತಿನಿಂದ.

ಆ ಹೊತ್ತು ಯಾವುದು ಎಂದು ಕೇಳಿದಾಗ ಅಳಿಯ ಹೋಟೆಲಿಗೆ ಫೋನ್ ಮಾಡಿದ. ಮಾವ ಸರಿಯಾಗಿ ಚಿಲ್ಲರೆ ಎಣಿಸಿಕೊಟ್ಟ ಕೊನೆಯ ಬಿಲ್ಲಿನ ಮೇಲೆ 8.52 ಎಂದಿತ್ತು. ಗಡಿ ದಾಟಿರಲಿಲ್ಲ. ಇಂಜೆಕ್ಷನ್ ಕೊಟ್ಟೆವು.