ಕಪ್ಪೆಯ ಗಾಜಿನ ಮನೆಗೆ ಮೊದಲು ಗವಾಕ್ಷಿ

ಪುನರ್ವಸು ಮಳೆ ಹಿಡಿಯಿತೆಂದರೆ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಹಗ್ಗಕ್ಕೆ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಚಪ್ಪಲಿಗೆ ಬೂಸ್ಟು, ಬೀರುವಿನೊಳಗೆ ಮುಗ್ಗಲು ವಾಸನೆ. ಅಂಥ ಮನೆಯಲ್ಲಿ ಕಪ್ಪೆ ಸಾಕುವ ಗಾಜಿನ ಪೆಟ್ಟಿಗೆಯಿಟ್ಟು, ಮೇಲೆ ಪ್ಲಾಸ್ಟಿಕ್ ಮುಚ್ಚಿ, ದಿನಕ್ಕೆರಡು ಸಲ ನೀರು ಸಿಂಪಡಿಸಿದರೆ ಒಳಗೆ ಕೊಳೆಯದೆ ಇನ್ನೇನಾದೀತು? ಆದರೂ ಇಂಥ ಪೆಟ್ಟಿಗೆ, ಅಂದರೆ ಟೆರೇರಿಯಂ ಕಟ್ಟುವುದನ್ನು ಕಲಿಸುವ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಇದೇ. ಚಳಿಗಾಲವಿಡೀ ಹೀಟರ್ ಉರಿದು ಮನೆಯೊಳಗಿನ ಗಾಳಿ ಒಣಗುವ ದೇಶಗಳಿಗೆ ಆ ಸಲಹೆ ಸರಿ. ನಮ್ಮಲ್ಲಿ ತೇವ ತರುವುದು ಕಷ್ಟವಲ್ಲ, ಹೊರಗೆ ಕಳಿಸುವುದು ಕಷ್ಟ. ಹಾಸನ, ಚಿಕ್ಕಮಗಳೂರಿನಲ್ಲಿ ಕಟ್ಟುವ ಪೆಟ್ಟಿಗೆಯ ತಳ, ಬಾಗಿಲು, ಮುಚ್ಚಳ ಎಲ್ಲವನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಯೋಚಿಸಬೇಕು.

ಮೊದಲು ಕಪ್ಪೆ ಯಾವುದು ಎನ್ನುವುದು ತೀರ್ಮಾನವಾಗಲಿ. ತೋಟದ ಕೆರೆಯಂಚಿನಲ್ಲಿ ಎಲೆಗೆ ನೊರೆಗೂಡು ಕಟ್ಟುವ ಮಲಬಾರಿನ ಹಾರುವ ಕಪ್ಪೆಯನ್ನಾಗಲಿ, ಕಾಫಿ ಗಿಡದಲ್ಲಿ ಟಿಕ್ ಟಿಕ್ ಎನ್ನುವ ಪುಟ್ಟ ಪೊದೆಗಪ್ಪೆಯನ್ನಾಗಲಿ ಹಿಡಿದು ತರಬೇಡಿ. ಅವುಗಳಲ್ಲಿ ಎಷ್ಟೋ ಜಾತಿಗಳು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಟಾರ್ಚ್ ಹಿಡಿದು ರಾತ್ರಿ ಅರ್ಧ ಗಂಟೆ ಕೆರೆ ದಂಡೆಯಲ್ಲಿ ಕೂತರೆ ಕಾಣುವಷ್ಟು ಚಂದವನ್ನು ಯಾವ ಪೆಟ್ಟಿಗೆಯೂ ತೋರಿಸಲಾರದು. ಸಾಕಲು ತಕ್ಕದ್ದು ಸಾಕಣೆಯಲ್ಲೇ ಹುಟ್ಟಿದ ವೈಟ್ಸ್ ಮರಗಪ್ಪೆ. ಮೂಲ ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ಬೆಳೆದಾಗ 10 ಸೆಂಟಿಮೀಟರ್ ಆಗುತ್ತದೆ, ಚೆನ್ನಾಗಿ ನೋಡಿಕೊಂಡರೆ 15 ವರ್ಷ ದಾಟಿ ಬದುಕುತ್ತದೆ. ನಮ್ಮ ಹವೆಯ ಏರಿಳಿತವನ್ನು ತಡೆದುಕೊಳ್ಳುವ ಜಾತಿ ಎನ್ನುವುದೇ ಅದನ್ನು ಆರಿಸಲು ಮುಖ್ಯ ಕಾರಣ. ಕೆಂಪುಗಣ್ಣಿನ ಮರಗಪ್ಪೆ, ಡಾರ್ಟ್ ಕಪ್ಪೆಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. 2024ರಲ್ಲಿ ಬಂದ ನಿಯಮದಂತೆ ಅಂಥವನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಯಾವ ಜಾತಿಯೇ ಆಗಲಿ, ಮಾರುವವರಿಂದ ಬಿಲ್ ಪಡೆಯಿರಿ.

ಎರಡು ಕಪ್ಪೆಗೆ 450 ಎಂ.ಎಂ. ಅಗಲ, 450 ಆಳ, 600 ಎತ್ತರದ ಪೆಟ್ಟಿಗೆ ಸಾಕು. ಮರ ಹತ್ತುವ ಕಪ್ಪೆಯಾದ್ದರಿಂದ ಎತ್ತರ ಕಡಿಮೆ ಮಾಡಬೇಡಿ. ಗಾಜಿನ ಅಂಗಡಿಗೆ ಕೊಡಬೇಕಾದ ಅಳತೆ ಹೀಗಿದೆ: ತಳಕ್ಕೆ 6 ಎಂ.ಎಂ. ದಪ್ಪದ 450×450, ಒಂದು. ಉಳಿದದ್ದೆಲ್ಲ 5 ಎಂ.ಎಂ. ಗಾಜು. ಹಿಂಬದಿಗೆ 450×594, ಒಂದು. ಪಕ್ಕಗಳಿಗೆ 445×594, ಎರಡು. ಮುಂಬದಿಗೆ 440 ಅಗಲದ ಮೂರು ಪಟ್ಟಿ: ಮಣ್ಣು ತಡೆಯಲು 150 ಎತ್ತರದ್ದು, ಜಾರು ಬಾಗಿಲು ಓಡುವ ಕೆಳಗಿನ ಚಾನೆಲ್ ಕೂರಿಸಲು 30ರದ್ದು, ಮೇಲಿನ ಚಾನೆಲ್‌ಗೆ 40ರದ್ದು. ಗೋಡೆಗಳು ತಳದ ಗಾಜಿನ ಮೇಲೆ ನಿಲ್ಲುತ್ತವೆ, ಅದಕ್ಕೇ 600 ಬದಲು 594. ಅಂಗಡಿಗಳ ಶೋಕೇಸಿಗೆ ಹಾಕುವ ಪ್ಲಾಸ್ಟಿಕ್ ಚಾನೆಲ್ ಮತ್ತು 4 ಎಂ.ಎಂ. ಗಾಜಿನ ಎರಡು ಜಾರು ಬಾಗಿಲು ಸಾಕು. ಬಾಗಿಲಿನ ಅಳತೆಯನ್ನು ಮಾತ್ರ ಪೆಟ್ಟಿಗೆ ಅಂಟಿಸಿ ಒಣಗಿದ ಮೇಲೆ ತೆಗೆದುಕೊಳ್ಳಿ. ಎರಡು ಬಾಗಿಲು ಒಂದರ ಮೇಲೊಂದು ಹಾಯುವ ಕಡೆ ಉಳಿಯುವ ಸಂದಿಯಿಂದ ಕಪ್ಪೆಗೆ ಆಹಾರವಾಗುವ ಸಣ್ಣ ಕ್ರಿಕೆಟ್ ಹುಳಗಳು ಹೊರಬೀಳುತ್ತವೆ. ಅಲ್ಲಿಗೆ ಪಾರದರ್ಶಕ ರಬ್ಬರ್ ಪಟ್ಟಿ ಅಂಟಿಸಿ.

150ರ ಪಟ್ಟಿಗೂ 30ರ ಪಟ್ಟಿಗೂ ನಡುವೆ 40 ಎಂ.ಎಂ. ಸಂದು ಬಿಡಬೇಕು. ಇಡೀ ಪೆಟ್ಟಿಗೆಯ ಜೀವ ಇರುವುದು ಅಲ್ಲಿ. ಈ ಸಂದಿಗೂ ಮೇಲಿನ ಮುಚ್ಚಳಕ್ಕೂ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣಕಣ್ಣಿನ ಜಾಲರಿ ಹಾಕಿ. ಒಳಗಿನ ಬೆಚ್ಚಗಿನ ಒದ್ದೆ ಗಾಳಿ ಮೇಲಿನ ಜಾಲರಿಯಿಂದ ಹೊರಗೆ ಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನ ಸಂದಿಯಿಂದ ಹೊಸ ಗಾಳಿ ಬರುತ್ತದೆ. ಹಳೆಯ ಅಡುಗೆಮನೆಗಳ ಗವಾಕ್ಷಿ ಮಾಡುತ್ತಿದ್ದ ಕೆಲಸವೇ ಇದು. ಮುಂದಿನ ಗಾಜನ್ನು ಸವರಿಕೊಂಡು ಗಾಳಿ ಏರುವುದರಿಂದ ಗಾಜು ಮಂಜಾಗದೆ ಕಪ್ಪೆಯೂ ಕಾಣುತ್ತದೆ. ಮೇಲೆ ಜಾಲರಿ ಇದ್ದು ಕೆಳಗೆ ಸಂದಿ ಇಲ್ಲದಿದ್ದರೆ ಗಾಳಿ ಬಾವಿಯೊಳಗಿನಂತೆ ಅಲ್ಲೇ ನಿಲ್ಲುತ್ತದೆ. ಮೀನಿನ ಅಕ್ವೇರಿಯಂ ತಂದು ಅದಕ್ಕೇ ಜಾಲರಿ ಮುಚ್ಚುವವರಿಗೆ ಎದುರಾಗುವ ತೊಂದರೆ ಇದೇ. ಜಾಲರಿಯ ಕತ್ತರಿಸಿದ ಅಂಚು ಒಳಗೆ ಎಲ್ಲೂ ಕಾಣದಂತೆ ಸಿಲಿಕೋನ್ ಹೊದಿಸಿ. ರಾತ್ರಿ ಓಡಾಡುವ ಕಪ್ಪೆ ಮೂತಿ ತಿಕ್ಕಿ ಗಾಯ ಮಾಡಿಕೊಳ್ಳುವುದು ಇಂಥ ಕಡೆಯೇ.

ಮುಚ್ಚಳದ ಜಾಲರಿಯ ಮೇಲೆ ಸರಿಸಿ ಮುಚ್ಚಲು ಎರಡು ಗಾಜಿನ ಹಲಗೆ ಮಾಡಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡನ್ನೂ ತೆಗೆದಿಡಿ. ಹೂಮಳೆಗೆ ಕಾಯುವ ಫೆಬ್ರವರಿ, ಮಾರ್ಚ್‌ನಲ್ಲಿ ಮೂರರಲ್ಲಿ ಎರಡು ಪಾಲು ಮುಚ್ಚಿ. ಅರಸೀಕೆರೆ ಕಡೆಯ ಒಣಗಾಳಿಗೆ ಇನ್ನೂ ಸ್ವಲ್ಪ ಹೆಚ್ಚು ಮುಚ್ಚಬೇಕಾದೀತು.

ಅಂಟಿಸಲು ಕೊಳ್ಳುವ ಸಿಲಿಕೋನ್ ಟ್ಯೂಬಿನ ಮೇಲೆ ‘ಆ್ಯಂಟಿ ಫಂಗಲ್’ ಅಥವಾ ‘ಸ್ಯಾನಿಟರಿ’ ಎಂದಿದ್ದರೆ ಬೇಡ. ಬೂಸ್ಟು ಕೊಲ್ಲುವ ಆ ಔಷಧಿ ಕಪ್ಪೆಯ ಚರ್ಮಕ್ಕೂ ವಿಷ. ಅಕ್ವೇರಿಯಂಗೆ ಬಳಸುವ, ವಿನೆಗರ್ ವಾಸನೆಯ ಸಾದಾ ಸಿಲಿಕೋನ್ ತನ್ನಿ. ಅದು ಗಟ್ಟಿಯಾಗುವುದೇ ಗಾಳಿಯ ತೇವ ಹೀರಿ, ಹಾಗಾಗಿ ಮಳೆಗಾಲದಲ್ಲಿ ಒಣಗುವುದಿಲ್ಲ ಎಂಬ ಭಯ ಬೇಡ. ತೊಂದರೆ ಬೇರೆ ಇದೆ. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರಿನ ಪಸೆ ಕೂತಿರುತ್ತದೆ, ಅದರ ಮೇಲೆ ಎಳೆದ ಸಿಲಿಕೋನ್ ಆರು ತಿಂಗಳಿಗೆ ಸಿಪ್ಪೆಯಂತೆ ಎದ್ದು ಬರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅಂಚು ಒರೆಸಿ, ಆರಿದ ಕೂಡಲೇ ಅಂಟಿಸಿ. ಏಳು ದಿನ ಮುಟ್ಟಬೇಡಿ. ಮೂಗು ಹತ್ತಿರ ತಂದಾಗ ಹುಳಿ ವಾಸನೆ ಬರುತ್ತಿದ್ದರೆ ಇನ್ನೂ ಕಾಯಿರಿ.

ನೀರು ಹೊರಹೋಗಲು ತಳದ ಹಿಂಬದಿ ಮೂಲೆಯಲ್ಲಿ ಒಂದು ತೂತು ಬೇಕು. ಎರಡೂ ಅಂಚಿನಿಂದ 60 ಎಂ.ಎಂ. ಒಳಗೆ, ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್ ಕೂರುವಷ್ಟು ಅಗಲ. ನಿಪ್ಪಲ್ ಕೊಂಡು ಅದನ್ನೇ ಗಾಜಿನವರ ಕೈಗೆ ಕೊಟ್ಟು ಕೊರೆಸಿ, ಅಂಟಿಸುವ ಮುಂಚೆಯೇ. ಟಫನ್ಡ್ ಗಾಜಾದರೆ ಕೊರೆಯುವಾಗಲೇ ಪುಡಿಪುಡಿಯಾಗುತ್ತದೆ, ಸಾದಾ ಗಾಜೇ ಇರಲಿ. ನಿಪ್ಪಲ್‌ಗೆ ಕೆಳಗಿನಿಂದ ಒಂದು ಸಣ್ಣ ನಲ್ಲಿ. ಪೆಟ್ಟಿಗೆಯಡಿ 10 ಎಂ.ಎಂ. ಥರ್ಮಾಕೋಲ್ ಹಾಸಿ, ಸ್ಟ್ಯಾಂಡಿನ ಮುಂದಿನ ಕಾಲುಗಳನ್ನು 5 ಎಂ.ಎಂ. ಎತ್ತರಿಸಿದರೆ ನೀರು ತಾನಾಗಿ ಹಿಂದೆ ಸೇರುತ್ತದೆ. ಎಲ್ಲ ತುಂಬಿದ ಮೇಲೆ ತೂಕ 40 ಕಿಲೋ ಮುಟ್ಟುತ್ತದೆ, ಟಿ.ವಿ. ಇಡುವ ತೆಳು ಹಲಗೆಯ ಮೇಲೆ ಇಡಬೇಡಿ.

ಹಿಂಬದಿಯ ಗೋಡೆಯನ್ನು ಬಂಡೆಯಂತೆ ಕಾಣಿಸಲು ಫೋಮ್ ಸ್ಪ್ರೇ ಬಳಸುತ್ತಾರೆ. ಮರದ ಕೊಂಬೆಗಳನ್ನು ಮೊದಲೇ ಜಾಗಕ್ಕೆ ನಿಲ್ಲಿಸಿ, ಪೆಟ್ಟಿಗೆಯನ್ನು ಬೆನ್ನ ಮೇಲೆ ಮಲಗಿಸಿ, ಎರಡು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಎರಡು ಕಂತಿನಲ್ಲಿ ಸಿಂಪಡಿಸಿ. ಒಂದೇ ಸಲ ಮೂಲೆಗೆ ತುಂಬಿದರೆ ಉಬ್ಬುವ ಫೋಮ್ ಗಾಜಿನ ಬೆಸುಗೆಯನ್ನೇ ಬಿಡಿಸುತ್ತದೆ. ಒಂದು ದಿನ ಬಿಟ್ಟು ಚಾಕುವಿನಲ್ಲಿ ಕೆತ್ತಿ, ಹೊಳೆಯುವ ಮೇಲ್ಸಿಪ್ಪೆ ಪೂರ್ತಿ ತೆಗೆಯಿರಿ. ಅದರ ಮೇಲೆ ಅಂಗೈಯಗಲದಷ್ಟು ಜಾಗಕ್ಕೆ ಸಿಲಿಕೋನ್ ಬಳಿದು ಕೂಡಲೇ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒತ್ತಿ, ಮತ್ತೆ ಮುಂದಿನ ಅಂಗೈಯಗಲ. 280 ಮಿ.ಲೀ. ಟ್ಯೂಬ್ ಎರಡು ಬೇಕಾಗುತ್ತವೆ. ಒತ್ತುವ ಕೊಕೊಪೀಟ್ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿರಬೇಕು, ಹಸಿ ಇದ್ದರೆ ತಿಂಗಳೊಳಗೆ ಉದುರಿ ಹಳದಿ ಫೋಮ್ ಕಾಣುತ್ತದೆ. ಫೋಮಿಗೂ ಗಾಜಿಗೂ ನಡುವೆ ಒಂದು ಸಂದಿಯನ್ನೂ ಬಿಡಬೇಡಿ. ಕ್ರಿಕೆಟ್ ಹುಳಗಳು ಅಲ್ಲಿ ಸೇರಿಕೊಂಡರೆ ಹೊರಗೆ ತೆಗೆಯುವ ದಾರಿಯೇ ಇಲ್ಲ.

ತಳಕ್ಕೆ 5 ಸೆಂ.ಮೀ. ಎತ್ತರ ಮಂಗಳೂರು ಹೆಂಚಿನ ಚೂರು. ಅಡಕೆ ಗಾತ್ರಕ್ಕೆ ಒಡೆದು, ಮಸಿ ಪಾಚಿ ಹೋಗುವಂತೆ ಉಜ್ಜಿ ತೊಳೆದು ಒಣಗಿಸಿದ್ದು, ಸುಮಾರು 10 ಲೀಟರ್. ನೀರು ಬಸಿಯುವ ಕೆಲಸಕ್ಕೆ ದುಬಾರಿ ಮಣ್ಣಿನ ಗುಂಡುಗಳ ಬದಲು ಇದೇ ಸಾಕು. ಮೇಲೆ ಫೈಬರ್ ಸೊಳ್ಳೆಜಾಲರಿ, ಗೋಡೆಗೆ ಎರಡು ಸೆಂ.ಮೀ. ಏರುವಂತೆ. ಸತು ಲೇಪಿಸಿದ ಕಬ್ಬಿಣದ ಜಿಐ ಜಾಲರಿ ತುಕ್ಕು ಹಿಡಿದು ಸತು ಬಿಡುತ್ತದೆ, ಅದು ಬೇಡ. ಅದರ ಮೇಲೆ 7 ಸೆಂ.ಮೀ. ಮಣ್ಣಿನ ಮಿಶ್ರಣ: ಕೊಕೊಪೀಟ್ 8 ಲೀಟರ್, ತೆಂಗಿನ ಸಿಪ್ಪೆಯ ಚೂರು 4 ಲೀಟರ್, ಕಡಲೆಕಾಳಿನಷ್ಟು ಪುಡಿ ಮಾಡಿದ ಸೌದೆ ಇದ್ದಿಲು ಒಂದೂವರೆ ಲೀಟರ್. 650 ಗ್ರಾಮಿನ ಒಂದು ಕೊಕೊಪೀಟ್ ಇಟ್ಟಿಗೆ ನೆನೆದರೆ ಹೆಚ್ಚುಕಡಿಮೆ 8 ಲೀಟರ್ ಆಗುತ್ತದೆ. ಅದರಲ್ಲಿ ಉಪ್ಪು ಇರುವುದರಿಂದ ಮೂರು ನೀರಿನಲ್ಲಿ ನೆನೆಸಿ ಹಿಂಡಿ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದಾಗ ಒಂದೆರಡು ಹನಿ ಬಿದ್ದರೆ ಹದ, ಧಾರೆ ಇಳಿದರೆ ಇನ್ನೂ ಹಿಂಡಬೇಕು. ಬರೀ ಕೊಕೊಪೀಟ್ ತುಂಬಿದರೆ ಮಳೆಗಾಲದಲ್ಲಿ ಕೆಸರಾಗಿ, ಗಾಳಿಯಾಡದೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಸಿಪ್ಪೆಯ ಚೂರು ಸೇರಿಸುವುದು ಅದಕ್ಕೇ.

ಒಂದು ಎಚ್ಚರಿಕೆ ಕಾಫಿ ಸೀಮೆಯವರಿಗೆಂದೇ ಹೇಳಬೇಕು. ಮನೆ ಹಿಂದೆಯೇ ತೋಟವಿರುವಾಗ ಪಾಚಿ, ದರಗು, ಕೊಂಬೆ, ಮಣ್ಣು ಎಲ್ಲ ಪುಕ್ಕಟೆ ಸಿಗುತ್ತದೆ ಅನ್ನಿಸುತ್ತದೆ. ಆದರೆ ಕಾಫಿಯ ಎಲೆ ತುಕ್ಕಿಗೆ, ಮೆಣಸಿನ ಸೊರಗು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತದ್ದು, ಅಂದರೆ ತಾಮ್ರ. ಅದು ತೊಗಟೆಯಲ್ಲಿ, ಪಾಚಿಯಲ್ಲಿ, ಮೇಲ್ಮಣ್ಣಿನಲ್ಲಿ ಉಳಿದುಕೊಳ್ಳುತ್ತದೆ. ಕಾಂಡಕೊರಕಕ್ಕೆ ಹೊಡೆದ ಕೀಟನಾಶಕ ಬೇರೆ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಒದ್ದೆ ಜಾಗದಲ್ಲಿ ಹಿಂಗಾಲು ಅಗಲಿಸಿ, ಹೊಟ್ಟೆಯ ಕೆಳಭಾಗದ ತೆಳು ಚರ್ಮವನ್ನು ನೆಲಕ್ಕೊತ್ತಿ ಅಲುಗಾಡದೆ ಕೂತಿದ್ದರೆ ಅದು ನೀರು ಕುಡಿಯುತ್ತಿದೆ ಎಂದರ್ಥ. ನೆಲದಲ್ಲಿರುವುದೆಲ್ಲ ಹಾಗೆಯೇ ಮೈಗೆ ಸೇರುತ್ತದೆ. ಹಳೆಯ ಕಾಫಿ ಬೊಡ್ಡೆಯ ತಿರುಚಿದ ಕೊಂಬೆಗಳು ನಿಜಕ್ಕೂ ಚಂದ, ಗಟ್ಟಿಯೂ ಹೌದು. ಬಳಸುವುದಾದರೆ ಔಷಧಿ ಹೊಡೆಯದ ಜಾಗದ್ದೇ ಆಗಬೇಕು, ತೊಗಟೆ ಪೂರ್ತಿ ಕೆತ್ತಬೇಕು, ಎರಡು ವಾರ ದಿನಾ ನೀರು ಬದಲಿಸುತ್ತ ನೆನೆಸಿ ಒಣಗಿಸಬೇಕು. ಪಾಚಿಯನ್ನಂತೂ ಮರದಿಂದ ಕೀಳಬೇಡಿ.

ಗಿಡಗಳಿಗೂ ಇದೇ ಮಾತು. ಮನಿ ಪ್ಲಾಂಟ್, ಬ್ರೋಮಿಲಿಯಾಡ್, ಸ್ನೇಕ್ ಪ್ಲಾಂಟ್ ಈ ಕಪ್ಪೆಯ ಭಾರ ತಡೆಯುತ್ತವೆ, ನವಿರು ಜರೀಗಿಡಗಳು ವಾರಕ್ಕೇ ಮುರಿಯುತ್ತವೆ. ನರ್ಸರಿ ಮಣ್ಣಿನಲ್ಲಿ ಗೊಬ್ಬರದ ಕಾಳು, ಕೀಟನಾಶಕ ಇರುತ್ತವೆ. ಬೇರು ಬರಿದಾಗುವಂತೆ ತೊಳೆದು, ಬೇರೆ ಕುಂಡದಲ್ಲಿ ಒಂದು ತಿಂಗಳು ಬೆಳೆಸಿ ನೆಡಿ.

ನಗರದ ನಲ್ಲಿ ನೀರಿಗೆ ಅಕ್ವೇರಿಯಂ ಅಂಗಡಿಯ ಕ್ಲೋರಿನ್ ತೆಗೆಯುವ ಹನಿ ಹಾಕಿ. ಬೋರ್‌ವೆಲ್ ನೀರು ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ, ಸಿಂಪಡಿಸಲು ಹೆಂಚಿನ ಸೂರಿನ ಮಳೆನೀರು ಉತ್ತಮ. ಜಿಂಕ್ ಶೀಟಿನ ನೀರು ಬೇಡ. ನೀರಿನ ಬಟ್ಟಲು ಆಳ ಕಡಿಮೆಯದ್ದು, ದಿನಾ ಬದಲಿಸಬೇಕು. ಬೆಳಕಿಗೆ 6500ಕೆ ಎಲ್‌ಇಡಿ, ಹಗಲು 12 ಗಂಟೆ. ಯುವಿಬಿ ಎಂಬ ಅತಿನೇರಳೆ ಕಿರಣದ ದೀಪ ಹಾಕುವುದಾದರೆ ಕಡಿಮೆ ತೀವ್ರತೆಯದ್ದನ್ನು ಜಾಲರಿಯ ಮೇಲೆ ಇಡಿ. ಗಾಜಿನ ಮೇಲಿಟ್ಟರೆ ಆ ಕಿರಣ ಒಳಗೆ ಬರುವುದೇ ಇಲ್ಲ.

ಈ ಕಪ್ಪೆಗೆ ಹಗಲು 24ರಿಂದ 28 ಡಿಗ್ರಿ, ತೇವಾಂಶ ನೂರಕ್ಕೆ 50ರಿಂದ 70 ಸಾಕು. ಡಿಸೆಂಬರ್, ಜನವರಿಯ ರಾತ್ರಿ ಚಿಕ್ಕಮಗಳೂರಿನ ಮನೆಗಳು ಅದಕ್ಕೆ ತೀರಾ ತಣ್ಣಗಾಗುತ್ತವೆ. 15 ವ್ಯಾಟ್‌ನ ಹೀಟ್ ಮ್ಯಾಟನ್ನು ಪಕ್ಕದ ಗಾಜಿಗೆ ಹೊರಗಿನಿಂದ ಅಂಟಿಸಿ, ಥರ್ಮೋಸ್ಟಾಟ್ 22ಕ್ಕೆ ಇಡಿ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಬೇಡವೇ ಬೇಡ. ಮಳೆಗಾಲಕ್ಕೆ ಮುಚ್ಚಳದ ಮೇಲೆ ಗಾಳಿ ಹೊರಗೆಳೆಯುವಂತೆ ಕಂಪ್ಯೂಟರಿನ 80 ಎಂ.ಎಂ., 12 ವೋಲ್ಟ್ ಫ್ಯಾನ್ ಕೂರಿಸಿ, ಟೈಮರ್‌ನಲ್ಲಿ ಎರಡು ಗಂಟೆಗೊಮ್ಮೆ 15 ನಿಮಿಷ ಓಡಿಸಿ. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಬಾರದಿದ್ದರೆ? ಒಂದು ಜಾರು ಬಾಗಿಲಿನ ಅಳತೆಗೇ ಜಾಲರಿಯ ಚೌಕಟ್ಟೊಂದನ್ನು ಮಾಡಿಟ್ಟುಕೊಂಡಿರಿ. ಗಾಜು ತೆಗೆದು ಅದನ್ನು ಹಾಕಿದರೆ ಫ್ಯಾನ್ ಇಲ್ಲದೆಯೂ ಪೆಟ್ಟಿಗೆ ಉಸಿರಾಡುತ್ತದೆ.

ಎಷ್ಟು ಸಿಂಪಡಿಸಬೇಕೆಂದು ಗಾಜೇ ಹೇಳುತ್ತದೆ. ರಾತ್ರಿ ಸಿಂಪಡಿಸಿದ ನೀರು ಬೆಳಿಗ್ಗೆ ಹತ್ತರ ಹೊತ್ತಿಗೆ ಮುಂದಿನ ಗಾಜಿನಿಂದ ಆರಿರಬೇಕು. ಮಧ್ಯಾಹ್ನವೂ ಹನಿ ನಿಂತಿದ್ದರೆ ಅಂದು ಸಿಂಪಡಿಸಬೇಡಿ, ಗಾಳಿ ಹೆಚ್ಚಿಸಿ. ಮಾರ್ಚ್‌ನಲ್ಲಿ ದಿನಕ್ಕೆರಡು ಸಲ ಬೇಕಾದದ್ದು ಜುಲೈಯಲ್ಲಿ ಮೂರು ದಿನಕ್ಕೊಮ್ಮೆ ಸಾಕಾದೀತು. ಸದಾ ಒದ್ದೆಯಲ್ಲಿ ಕೂತ ವೈಟ್ಸ್ ಕಪ್ಪೆಗೆ ಬ್ಯಾಕ್ಟೀರಿಯಾ ಸೋಂಕು ತಗುಲಿ ತೊಡೆಯ ಒಳಭಾಗ, ಹೊಟ್ಟೆ ಕೆಂಪಾಗುತ್ತದೆ. ಅದು ಕಂಡ ದಿನವೇ ಟಿಶ್ಯೂ ಹಾಸಿದ ಬೇರೆ ಡಬ್ಬಿಗೆ ಹಾಕಿ ಪಶುವೈದ್ಯರಿಗೆ ತೋರಿಸಿ. ತಡಮಾಡಿದರೆ ಉಳಿಯುವುದು ಕಷ್ಟ.

ಕಟ್ಟಿದ ಕೂಡಲೇ ಕಪ್ಪೆ ಬಿಡುವ ಆಸೆ ತಡೆದುಕೊಳ್ಳಿ. ಗಿಡ ನೆಟ್ಟು, ಬೂಸ್ಟು ತಿನ್ನುವ ಸ್ಪ್ರಿಂಗ್‌ಟೇಲ್ ಹುಳಗಳನ್ನು ಬಿಟ್ಟು ನಾಲ್ಕು ವಾರ ಕಪ್ಪೆಯಿಲ್ಲದೆ ನಡೆಸಿ. ಮೊದಲ ಎರಡು ವಾರ ಕೊಂಬೆಗಳ ಮೇಲೆ ಬಿಳಿ ಬೂಸ್ಟು ಹತ್ತಿಯಂತೆ ಬರುತ್ತದೆ, ತಾನಾಗಿ ಇಳಿಯುತ್ತದೆ. ಮೂರನೇ ವಾರವೂ ಹೆಚ್ಚುತ್ತಿದ್ದರೆ ಗಾಳಿ ಸಾಲದು. ಅಷ್ಟರಲ್ಲಿ ಹೊಸ ಕಪ್ಪೆಯೂ ಸಾದಾ ಡಬ್ಬಿಯಲ್ಲಿ ಒಂದು ತಿಂಗಳು ಪ್ರತ್ಯೇಕವಾಗಿದ್ದು, ತಿನ್ನುವುದು, ಹಿಕ್ಕೆ ಹಾಕುವುದು ಸರಿಯಾಗಿದೆ ಎಂದು ಗೊತ್ತಾಗಿರಬೇಕು. ಆಹಾರವನ್ನು ಇಕ್ಕುಳದಲ್ಲೇ ಕೊಡಿ, ಇಲ್ಲವಾದರೆ ಹುಳದ ಜೊತೆ ಸಿಪ್ಪೆಯ ಚೂರನ್ನೂ ನುಂಗುತ್ತದೆ.

ವಾರಕ್ಕೊಮ್ಮೆ ನಲ್ಲಿ ತಿರುಗಿಸಿ ತಳದ ನೀರು ತೆಗೆಯಿರಿ. ಆ ನೀರನ್ನು ಚರಂಡಿಗೋ ತೋಟಕ್ಕೋ ಚೆಲ್ಲುವ ಹಾಗಿಲ್ಲ. ಜಗತ್ತಿನಾದ್ಯಂತ ಕಪ್ಪೆಗಳನ್ನು ಕೊಂದಿರುವ ಕೈಟ್ರಿಡ್ ಶಿಲೀಂಧ್ರ ಸಾಕು ಕಪ್ಪೆಗಳ ವ್ಯಾಪಾರದಲ್ಲೂ ಹರಡುತ್ತದೆ, ಅದು ಬದುಕುವುದು ನೀರಿನಲ್ಲಿ. ತುಂಗೆ, ಭದ್ರೆ, ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯಲ್ಲೇ, ಇಲ್ಲಿನ ಹಳ್ಳಗಳ ನೀರೆಲ್ಲ ಕೆಳಗೆ ದೂರ ಹರಿಯುತ್ತದೆ. ಹತ್ತು ಲೀಟರ್ ನೀರಿಗೆ ಒಂದು ಲೀಟರ್ ಮನೆಬಳಕೆಯ ಬ್ಲೀಚ್ ದ್ರಾವಣ ಸೇರಿಸಿ ಒಂದು ಗಂಟೆ ಬಿಡಿ, ಆಮೇಲೆ ಒಂದು ದಿನ ಬಿಸಿಲಿಗಿಟ್ಟು, ಹಳ್ಳದಿಂದ ದೂರದ ಒಣ ನೆಲಕ್ಕೆ ಸುರಿಯಿರಿ. ತೆಗೆದ ಹಳೆ ಮಣ್ಣನ್ನು ಗೊಬ್ಬರದ ಗುಂಡಿಗೆ ಹಾಕದೆ ಪೂರ್ತಿ ಒಣಗಿಸಿ ಸುಡಿ. ಈ ಪೆಟ್ಟಿಗೆಯ ಬಕೆಟ್, ಬ್ರಷ್, ಇಕ್ಕುಳಗಳಿಗೆ ಕೆಂಪು ಟೇಪ್ ಸುತ್ತಿ ಬೇರೆಯೇ ಇಡಿ, ಕೆರೆ ದಂಡೆಗೆ ಅವು ಹೋಗಬಾರದು.